ಕೆಂಪು ದಾರ ಸುತ್ತಿದ ಹಕ್ಕಿ

ಬೆಳಗಿನ ಕಾಫಿ ಹಿಡಿದು ಹಿತ್ತಲಲ್ಲಿ ಕೂತ ಒತಿಲಿಯಾ ಸುತ್ತ ಕಣ್ಣಾಡಿಸಿದಳು. ರೆಕ್ಕೆ ಬಡಿತದಲ್ಲೇ ಗುಂಯ್‌ಗುಡುವ, ಹೆಬ್ಬೆರಳಷ್ಟೇ ಇರುವ ಝೇಂಕಾರದ ಹಕ್ಕಿಗಳು ಎಂದಿನಂತೆ ಬಂದಿದ್ದವು. ಒಂದನ್ನೊಂದು ಅಟ್ಟಾಡಿಸುತ್ತ, ಕೆಂಪು ಹೂಗಳಿಗೆ ಕೊಕ್ಕಿಳಿಸಿ ಹೀರುತ್ತಿದ್ದವು. ಆದರೆ ನಿಂಬೆಗಿಡದಲ್ಲಿ ಗೂಡು ಕಟ್ಟಿದ್ದ ತಾಯಿಹಕ್ಕಿ ಇಲ್ಲ. ಎದ್ದು ಹೋಗಿ ಇಣುಕಿದಳು. ಅವರೆಕಾಳಿನಷ್ಟಿದ್ದ ಎರಡು ಮರಿಗಳು ಬಾಯಿ ತೆರೆದುಕೊಂಡೇ ಸತ್ತಿದ್ದವು. ಕೊಂಬೆಗೆ ಮೀನುಬಲೆಯ ಚೂರೊಂದು ಸಿಕ್ಕಿಕೊಂಡಿತ್ತು.

ಯಾರ ಕೆಲಸವೆಂದು ಕೇಳಬೇಕೆ! ಒವಾಹಾಕಾ ಪಟ್ಟಣದ ಸಂತೆಯಲ್ಲಿ ಈ ಹಕ್ಕಿಯನ್ನು ಒಣಗಿಸಿ, ಕೆಂಪು ದಾರ ಸುತ್ತಿ, ಬಿಟ್ಟುಹೋದ ಗಂಡನನ್ನು ಎಳೆದು ತರುತ್ತದೆಂದು ಮಾರುತ್ತಾರೆ. ಒತಿಲಿಯಾಳ ಮಗ ಅನ್ಸೆಲ್ಮೊ ಹೆಂಡತಿಯನ್ನು ಬಿಟ್ಟು ಬ್ರೆಡ್ಡಂಗಡಿಯವಳ ಮನೆ ಸೇರಿ ಎರಡು ತಿಂಗಳಾಗಿತ್ತು.

"ಬ್ರಿಖಿದಾ! ಏಯ್, ಬಾರೇ ಹೊರಗೆ!"

ಸೊಸೆ ಬಂದು, ತಲೆ ತಗ್ಗಿಸಿ, ರವಿಕೆಯೊಳಗಿಂದ ದಾರ ಸುತ್ತಿದ ಹಕ್ಕಿಯನ್ನು ತೆಗೆದಳು.

"ನಿನ್ನೆ ಹಿಡಿದೆ ಅತ್ತೆ. ಗಂಡುಹಕ್ಕಿ ಅಂದ್ಕೊಂಡೆ."

"ಗಂಡಂತೆ ಗಂಡು! ಕಣ್ಣಿಗೇನು ಮಣ್ಣು ಬಿದ್ದಿತ್ತಾ? ಈ ಜಾತೀಲಿ ಗಂಡು ಗೂಡಿನ ಹತ್ರಾನೂ ಸುಳಿಯಲ್ಲ ಕಣೇ! ಬಾಣಂತೀನ ಕೊಂದೆಯಲ್ಲೇ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

"ಮತ್ತೇನ್ ಮಾಡ್ಲಿ?" ಬ್ರಿಖಿದಾ ಕಿರುಚಿದಳು. "ಊರೆಲ್ಲ ನನ್ನ ನೋಡಿ ನಗುತ್ತೆ. ಗಂಡಸ್ರೇ ಹಂಗೆ, ಸುಮ್ನಿರು, ಬರ್ತಾನೆ ಅಂದ್ರಿ ನೀವು. ಒಂದ್ಸಲನಾದ್ರೂ ನಿಮ್ಮ ಮಗನ್ನ ಕೇಳಿದ್ರಾ?"

ಒತಿಲಿಯಾ ಕೇಳಿರಲಿಲ್ಲ. ಹೆತ್ತ ಕರುಳು ಎಂದುಕೊಂಡು ಎರಡು ತಿಂಗಳು ತೆಪ್ಪಗಿದ್ದಳು. ಸೊಸೆಯ ಮೇಲಿದ್ದ ಸಿಟ್ಟು ಈಗ ತನ್ನ ಮೇಲೇ ತಿರುಗಿ ಮೈ ಉರಿಯಿತು.

ಮಧ್ಯಾಹ್ನ ಬಾಗಿಲು ಸದ್ದಾಯಿತು. ಅನ್ಸೆಲ್ಮೊ!

"ಬಂದ್ರು! ಅತ್ತೆ, ಬಂದೇಬಿಟ್ರು!" ಬ್ರಿಖಿದಾಳ ಮುಖ ಅರಳಿತು.

ಅವನು ಅವಳತ್ತ ತಿರುಗಿಯೂ ನೋಡಲಿಲ್ಲ. "ನನ್ನ ಬಿಳಿ ಅಂಗಿ ಎಲ್ಲೇ? ಇಸ್ತ್ರಿ ಮಾಡ್ಕೊಡು ಬೇಗ. ನಾಳೆ ಅವಳ ತಂಗಿ ಮದುವೆ."

ಅಯ್ಯೋ ಆ ಹುಚ್ಚಿ, ಇಸ್ತ್ರಿ ತರಲು ಓಡಿಯೇಬಿಟ್ಟಳು! ಒತಿಲಿಯಾ ಹಗ್ಗದ ಮೇಲಿದ್ದ ಅಂಗಿಯನ್ನು ಕಿತ್ತು ಬೀದಿಗೆಸೆದಳು.

"ಮೂರು ಜೀವ ನುಂಗಿ ಬಂದಿದ್ದು ಇಸ್ತ್ರಿಗೇನೋ? ತೊಲಗು ಇಲ್ಲಿಂದ!"

"ಅಮ್ಮಾ, ತಲೆ ಕೆಟ್ಟಿದ್ಯಾ ನಿಂಗೆ?"

"ಕೆಟ್ಟಿತ್ತು. ಈಗ ಸರಿಹೋಯ್ತು."

ಮಗನನ್ನು ಹೊರಗೆ ದಬ್ಬಿ ಚಿಲಕ ಹಾಕಿದಳು. ಅವನು ಬಾಗಿಲು ಬಡಿದ, ಬೈದ. ಸೊಸೆ ಬಂದು ಅತ್ತೆಯ ಕೈ ಹಿಡಿದೆಳೆದಳು.

"ತೆಗೀರಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ! ಹೋಗ್ಬಿಡ್ತಾರೆ!"

"ಹೋಗ್ಲಿ" ಎಂದಳು ಹೆತ್ತವಳು.