ಬೆಳಕಿಂಡಿಯ ಅಕ್ಕಿ

ಬೆಳಕು ಒಲೆಯ ಕಟ್ಟೆ ಹತ್ತಿತು, ಅಂದರೆ ಹತ್ತು ಹೊಡೆದು ಮೇಲಾಯಿತು, ಬೀಸುವ ಕಲ್ಲಿನ ತನಕ ಬಂದರೆ ಹನ್ನೊಂದೂವರೆ, ಗಡಿಯಾರ ಬೇರೆ ಯಾಕೆ ಬೇಕು ಈ ಮನೆಗೆ, ತುಳಸಾಬಾಯಿಯ ಅಡಿಗೆಮನೆಗೆ ಸೂರ್ಯನೇ ಮಾಳಿಗೆಯ ಬೆಳಕಿಂಡಿಯಿಂದ ಇಳಿದು ಜೋಳದ ಭಕ್ಕರಿಯಷ್ಟು ಬೆಳಕು ಹಾಕಿ ಹೋಗುತ್ತಾನೆ — ಭಕ್ಕರಿ! ಏಕಾದಶಿಯ ದಿನ ಬೇರೆ ಯಾವುದೂ ನೆನಪಾಗಲಿಲ್ಲವೇ ಇವಳಿಗೆ, ಬೆಳಗಿನಿಂದ ಬಾಯಿಗೆ ಹನಿ ನೀರಿಲ್ಲ, ಎದುರಿಗೆ ಹೆಸರುಬೇಳೆ ಕುದಿಯುತ್ತಿದೆ, ಇಂಗಿನ ಘಮ ಮೂಗಿಗೆ ಹೊಡೆಯುತ್ತದೆ, ಉಪವಾಸದ ಮನೆಯಲ್ಲಿ ಆರು ಮಂದಿಗೆ ಅಡಿಗೆ, ಎಲ್ಲ ಇವರ ಜಾಣತನ. ಇವರೆಂದರೆ ಗಂಡ, ಶಿಗ್ಗಾಂವಿಯ ಕನ್ನಡ ಸಾಲೆಯ ರಾಘಣ್ಣ ಮಾಸ್ತರರು, ಒಂದನೇ ತಾರೀಖಿಗೆ ಪಗಾರ ಬಂದ ಕೂಡಲೇ ಅಕ್ಕಿಗಿಷ್ಟು, ಎಣ್ಣೆಗಿಷ್ಟು, ಹಾಲಿಗಿಷ್ಟು ಎಂದು ಹಂಚಿಟ್ಟು, ಸಾಲ ಬರೆಸುವ ಉದ್ರಿ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಮದುವೆಯಾದ ವರ್ಷವೇ ಆಣೆ ಮಾಡಿದವರು, ಹೆಂಡತಿಯಿಂದಲೂ ಮಾಡಿಸಿದವರು. ಹಿರೇಕೆರೂರಿನಿಂದ ಅವರ ಸೋದರತ್ತೆ ಗೋಪಿಕಾಬಾಯಿಯ ಕಾಗದ ಬಂದಿತ್ತು, ಕಣ್ಣಿಗೆ ಪೊರಿ ಬಂದದ, ಹುಬ್ಬಳ್ಳಿಗೆ ತೋರಿಸ್ಲಿಕ್ಕೆ ಹೊಂಟೇವಿ, ನಡುವ ನಿಮ್ಮಲ್ಲೆ ಇಳೀತೇವಿ. ತಿಂಗಳ ಕೊನೆ, ಡಬ್ಬಿಗಳ ತಳ ಕಾಣುವ ಹೊತ್ತು. ಇವರು ಪಂಚಾಂಗ ತೆಗೆದರು, ಬೆರಳು ಮಡಿಚಿದರು, ತಮ್ಮಷ್ಟಕ್ಕೆ ನಕ್ಕರು — ಇಪ್ಪತ್ತೆಂಟಕ್ಕ ಬರ್ರಿ ಅಂತ ಬರೀತೇನಿ, ಅವತ್ತ ಏಕಾದಶಿ, ಅವರಿಗೂ ಉಪವಾಸ ನಮಗೂ ಉಪವಾಸ, ಮರುದಿನ ಪಾರಣಿ ಮುಗಿಸಿ ಬಸ್ ಹತ್ತಿದ್ರ ಒಂದ ಊಟದಾಗ ಪಾರಾದಿ ನೋಡು. ಐದು ನಯಾಪೈಸೆಯ ಕಾರ್ಡು, ಮುತ್ತಿನಂಥ ಅಕ್ಷರ. ಮರೆತದ್ದು ಒಂದೇ, ಅತ್ತೆಯನ್ನು ಕೊಟ್ಟ ಮನೆಯವರು ಬೇರೆ ಮಠದವರು, ಅವರ ಪಂಚಾಂಗ ಬೇರೆ, ಅವರ ಏಕಾದಶಿ ಈ ಸಲ ನಾಳೆ ಬಿದ್ದಿದೆ. ಇವತ್ತು ಅವರಿಗೆ ದಶಮಿ, ಮಧ್ಯಾಹ್ನ ಒಪ್ಪತ್ತಿನ ಊಟ ಆಗಲೇಬೇಕು. ಈಗ ಮಾಸ್ತರರು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಾರೆ, ಒಂದು ತಾಸಿನಿಂದ ಹಾಳೆ ತಿರುವಿದ ಸಪ್ಪಳವಿಲ್ಲ.

ನಗು ಬರುತ್ತದೆ, ನಕ್ಕರೆ ಹಸಿವು ಹೆಚ್ಚಾಗುತ್ತದೆ. ಬೆಳಿಗ್ಗೆ ಬಸ್ಸಿಳಿದು ಬಂದರಲ್ಲ, ಅತ್ತೆಯ ಮಗ ಅನಂತ, ಅವನ ಹೆಂಡತಿ, ಮೂರು ಮಕ್ಕಳು, ಎಲ್ಲರ ಹಿಂದೆ ಬಾಗಿಲ ಚೌಕಟ್ಟು ತಡವುತ್ತ ಬಂದ ಒಂದು ಕೈ, ಒಣಗಿದ ಕೈ, ಅದರ ಹಿಂದೆ ಅತ್ತೆ. ಪಂಚಾಂಗದ ಗುಟ್ಟು ಬಯಲಾದ ಮೇಲೆ ಅತ್ತೆಯೇ ಅಂದರು, ನಿಮ್ಮನ್ಯಾಗ ಏಕಾದಶಿ ಇದ್ದ ಮ್ಯಾಲೆ ನಮಗೂ ಇವತ್ತ ಏಕಾದಶಿ, ಒಲಿ ಹಚ್ಚಬ್ಯಾಡ ತುಳಸಾ, ಹುಡುಗರಿಗಷ್ಟ ಏನರ ಹಾಕು, ನಾ ಎರಡು ದಿನ ಉಪವಾಸ ಮಾಡಿದ್ರ ಸಾಯ್ತೇನೇನು? ಆಗ ತುಳಸಾಬಾಯಿ ಒಂದು ಗಳಿಗೆ ಅಡಿಗೆಮನೆಯ ಕಡೆ ನೋಡಿದಳು. ಆ ಗಳಿಗೆ ಈಗಲೂ ಚುಚ್ಚುತ್ತದೆ, ಹೂಂ ಅನ್ನಬಹುದಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ, ದೇವರ ಹೆಸರಿನಲ್ಲಿ ಕೂಡಿಟ್ಟ ಅಕ್ಕಿಯ ಗಡಿಗೆ ಉಳಿಯುತ್ತಿತ್ತು. ಎಪ್ಪತ್ತು ದಾಟಿದ ಜೀವ, ಹಿರೇಕೆರೂರಿನಿಂದ ಕುಲುಕಿಸಿಕೊಂಡು ಬಂದದ್ದು, ಎರಡು ದಿನ ಒಣ ಉಪವಾಸ — ಥೂ, ಎಂಥ ಮನಸ್ಸು ನನ್ನದು. ಅದೆಲ್ಲ ನಡಿಯೂದಿಲ್ಲ ಅತ್ಯಾ, ನೀವು ಕೂಡ್ರಿ, ಹನ್ನೆರಡಕ್ಕ ಎಲಿ ಹಾಕ್ತೇನಿ, ಅಂತ ಒಳಗೆ ಬಂದು ಗಡಿಗೆಯ ಮುಚ್ಚಳ ತೆಗೆದಳು, ತೆಗೆದ ಮೇಲೆ ಮನಸ್ಸಿಗೆ ಹಿತವೆನಿಸಿತು.

ಗಡಿಗೆ ಅವಳದು. ಡಬ್ಬಿಯ ಅಕ್ಕಿ ಸಂಸಾರದ್ದು, ಒಂದನೇ ತಾರೀಖಿನ ತನಕ ಇಬ್ಬರಿಗೆ ಅಳೆದಿಟ್ಟದ್ದು, ಗಡಿಗೆಯದು ಮಾತ್ರ ದೀಪಾವಳಿ ಪಾಡ್ಯದಿಂದ ದಿನಾ ಅನ್ನಕ್ಕಿಡುವ ಮುಂಚೆ ಒಂದೊಂದು ಹಿಡಿ ತೆಗೆದು ಹಾಕಿದ್ದು, ತಿಂಗಳಿಗೆ ಎರಡು ಏಕಾದಶಿಯ ಅಕ್ಕಿ ಪೂರ್ತಿ ಅದಕ್ಕೇ. ಒಳಗಡೆ ಸುಣ್ಣದ ಗೆರೆ ಎಳೆದಿದ್ದಾಳೆ, ಗೆರೆ ಮುಟ್ಟಿದರೆ ಎದುರುಮನೆಯ ಸುಶೀಲವ್ವ ಒಯ್ಯುತ್ತಾಳೆ, ಛಲೋ ಹಾನಗಲ್ ಅಕ್ಕಿ ಐತಿ, ಪ್ಯಾಟಿ ದರಾನ ಕೊಡ್ತೇನ್ರಿ ತುಳಸಾಬಾಯಾರ ಅಂದಿದ್ದಾಳೆ, ಆ ರೊಕ್ಕಕ್ಕೆ ಬೆಳಕಿಂಡಿಗೆ ಗಾಜು. ಗಾಜು! ಮಳೆಗಾಲ ಬಂತೆಂದರೆ ಮಾಳಿಗೆ ಹತ್ತಿ ಬೆಳಕಿಂಡಿಗೆ ತಗಡು ಮುಚ್ಚಬೇಕು, ನಾಲ್ಕು ತಿಂಗಳು ಅಡಿಗೆಮನೆ ಕತ್ತಲ ಗವಿ, ಹಗಲೇ ಚಿಮಣಿ ದೀಪ, ಹೊಗೆ, ಹೋದ ವರ್ಷ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಇವರು ಮಾತಾಡದೆ ಉಂಡರು ಪಾಪ. ಗಾಜು ಕೂಡ್ರಿಸಿದರೆ ಮಳೆ ಹೊರಗೆ, ಬೆಳಕು ಒಳಗೆ, ಚಿಮಣಿ ಎಣ್ಣೆಯೂ ಉಳಿತಾಯ ಎಂದು ಮಾಸ್ತರರಿಗೇ ಲೆಕ್ಕ ಬಿಡಿಸಿ ತೋರಿಸಿದ್ದಳು. ಗೌಂಡಿ ಉಡಚಪ್ಪ ಬಂದು ಗೇಣು ಹಾಕಿ ಅಳೆದು ಹೋಗಿದ್ದಾನೆ, ಮಿರಗಾ ಕೂಡೂದ್ರಾಗ ಹೇಳ್ರಿ ಅವ್ವಾರ, ಮಳಿ ಬಿದ್ದಮ್ಯಾಲೆ ನಾ ಮಾಳಿಗಿ ಮುಟ್ಟೂದಿಲ್ಲ. ನಿನ್ನೆಯವರೆಗೆ ಗೆರೆಗೆ ಒಂದೇ ಬೆರಳು ಕಡಿಮೆ. ಮಿರಗಕ್ಕೆ, ಮೃಗಶಿರಾ ಮಳೆಗೆ, ಇನ್ನು ಹತ್ತು ದಿನ. ಈಗ ಎಷ್ಟು ತೆಗೆದಳು — ಇವತ್ತಿನ ಊಟಕ್ಕೆ ಎರಡು ಸೇರು, ನಾಳೆ ಅವರ ಉಪವಾಸ ಆದರೂ ಹುಡುಗರಿಗೆ ಏಕಾದಶಿ ಎಲ್ಲಿಯದು, ನಾಡಿದ್ದು ಬೆಳಗಾಗುತ್ತಲೇ ಅವರ ಪಾರಣೆ, ಅವರ ಪಾರಣೆಗೆ ಬರಿ ಅನ್ನ ಸಾರು ಬಡಿಸಲಿಕ್ಕಾಗುತ್ತದೆಯೇ, ಪಾಯಸ ಆಗಬೇಕು. ಎಲ್ಲ ಕೂಡಿಸಿದರೆ ಗೆರೆ ಐದು ಬೆರಳು ಮೇಲೆ ಹೋಗಿ ಕೂಡುತ್ತದೆ. ಸಣ್ಣ ಗಾಜು ಹಾಕಿಸಿದರೆ? ಭಕ್ಕರಿಯ ಬದಲು ಹೋಳಿಗೆಯಷ್ಟು ಬೆಳಕು, ಉಳಿದದ್ದಕ್ಕೆ ತಗಡು — ಉಡಚಪ್ಪ ನಕ್ಕಾನು. ಬೇಡ, ಇನ್ನೊಂದು ಮಳೆಗಾಲ ಚಿಮಣಿ, ಮುಂದಿನ ದೀಪಾವಳಿಗೆ ಮತ್ತೆ ಹಿಡಿ ಅಕ್ಕಿ, ಉದ್ರಿ ಅಂಗಡಿಗಂತೂ ಹೋಗಲಿಲ್ಲವಲ್ಲ, ಬಂದವರು ಹಸಿದು ಉಳಿಯುವುದಿಲ್ಲವಲ್ಲ. ಅಕ್ಕಿ ಮೊರಕ್ಕೆ ಸುರಿದಳು.

ಯಾರೋ ಗೋಡೆ ತಡವುತ್ತ ಬರುತ್ತಿದ್ದಾರೆ, ಅದೇ ಕೈ, ಅತ್ತೆ. ಸುಮ್ಮನ ಕೂತು ಬ್ಯಾಸರ ಆಗೇದವಾ, ಅಕ್ಕಿ ಆರಿಸ್ತೇನಿ ಕೊಡು. ಕಣ್ಣು ಕಾಣದವರು ಕಲ್ಲು ಹೇಗೆ ಆರಿಸುತ್ತಾರೆ, ಬ್ಯಾಡ ಅತ್ಯಾ ಅನ್ನುವಷ್ಟರಲ್ಲಿ ಕೂತೇಬಿಟ್ಟರು, ಮೊರ ಎಳೆದುಕೊಂಡರು, ಸರಿದರು, ಇನ್ನೂ ಸರಿದರು, ಏನು ಹುಡುಕುತ್ತಾರೆ — ಬೆಳಕಿಂಡಿಯ ಬೆಳಕನ್ನು. ಮೊರವನ್ನು ಅದರ ನಡುವೆ ಇಟ್ಟು ಬಗ್ಗಿದರು, ಈ ಅಡಿಗೆಮನ್ಯಾಗ ನನಗ ಕಾಣೂದು ಇದೊಂದ ನೋಡು ತುಳಸಾ, ಬೆಳ್ಳಗ, ದುಂಡಗ, ಛಲೋ ಬೆಳಕದ ನಿನ್ನ ಮನ್ಯಾಗ. ಏಳು ತಿಂಗಳ ಹಿಡಿ ಅಕ್ಕಿ ಆ ಬೆಳಕಿನಲ್ಲಿ ಒಂದೊಂದು ಕಾಳೂ ಹೊಳೆಯುತ್ತಿದೆ, ಒಣಗಿದ ಬೆರಳು ಅದರೊಳಗೆ ಮೆಲ್ಲಗೆ ಓಡುತ್ತದೆ, ನಿಲ್ಲುತ್ತದೆ, ಒಂದು ಕಲ್ಲು ಎತ್ತಿ ಪಕ್ಕಕ್ಕಿಡುತ್ತದೆ. ತುಳಸಾಬಾಯಿಗೆ ಗೆರೆ, ಬೆರಳು, ಮಿರಗಾ, ಇನ್ನೇನೋ ಲೆಕ್ಕ ಉಳಿದಿತ್ತಲ್ಲ, ನೆನಪಾಗುತ್ತಿಲ್ಲ. ಬೆಳಕು ಬೀಸುವ ಕಲ್ಲಿನ ಕಡೆಗೆ ಒಂದಿಷ್ಟು ಜರುಗಿತು. ಎಲ್ಲಿ ಹೋತು ತುಳಸಾ? ಇಲ್ಲೇ ಅದ ಅತ್ಯಾ — ಅವಳು ಬಗ್ಗಿ ಮೊರವನ್ನು ಬೆಳಕಿನೊಳಗೆ ಎಳೆದಳು, ಮತ್ತೆ ಆ ದುಂಡು ಬೆಳಕು, ಬೆಳ್ಳಗೆ ಅಕ್ಕಿ, ಅದರೊಳಗೆ ಆ ಕೈ, ಆ ಕೈ —