ಮಣ್ಣಿಗೆ ಬಂದವರು

ಕಬೀಲಿಯಾದ ಬೆಟ್ಟಗಳನ್ನು ಗೆದ್ದ ಫ್ರೆಂಚರು ಮೊದಲು ಮಾಡಿದ ಕೆಲಸ ಊರುಗಳ ಬಾಯಿ ಮುಚ್ಚಿಸಿದ್ದು. ಇನ್ನು ಊರ ಕೂಟ ಸೇರಕೂಡದು, ಯಾರಿಗೂ ದಂಡ ಹಾಕಕೂಡದು, ಏನಿದ್ದರೂ ಸರ್ಕಾರ ನೇಮಿಸಿದ ಊರ ಅಧಿಕಾರಿ, ಅಂದರೆ ಕಾಯಿದನೇ ನೋಡಿಕೊಳ್ಳಬೇಕು ಎಂದು ಅಪ್ಪಣೆಯಾಯಿತು. ಒಂದು ಊರಿಗೆ ಹಾಗೆ ಕಾಯಿದನಾದವನು ಅದೇ ಊರಿನ ಬೆಲ್ಕಾಸೆಮ್. ತಾನು ಒಲ್ಲೆನೆಂದರೆ ಬಯಲುಸೀಮೆಯಿಂದ ಯಾವನೋ ಸುಲಿಗೆಕೋರನನ್ನು ತಂದು ಕೂರಿಸುತ್ತಾರೆಂದು ಹೆದರಿ ಸರ್ಕಾರದ ಕೆಂಪು ನಿಲುವಂಗಿ ತೊಟ್ಟಿದ್ದ. ಊರು ನಂಬಬೇಕಲ್ಲ! ಅವನು ಅಪ್ಪಣೆ ಓದಿ ಹೇಳಿದ ದಿನದಿಂದ ಅವನ ಸಲಾಮಿಗೆ ಯಾರೂ ಸಲಾಮು ಹೇಳಲಿಲ್ಲ.

ಅಂಜೂರ ಒಣಹಾಕುವ ಕಾಲದಲ್ಲಿ ಅವನ ತಾಯಿ ತಸಾದಿತ್ ತೀರಿಕೊಂಡಳು.

ಆ ಬೆಟ್ಟದಲ್ಲಿ ಕೂಲಿಯವರು ಗುಂಡಿ ತೋಡುವ ಪದ್ಧತಿಯಿಲ್ಲ. ಮಣ್ಣಿಗೆ ಮನೆಗೊಬ್ಬ ಗಂಡಸು ಬರಲೇಬೇಕು, ಬಾರದವನಿಗೆ ಕೂಟ ದಂಡ ಹಾಕುತ್ತಿತ್ತು. ಎಂಥ ಹಗೆಯವನೂ ಗೊಣಗಿಕೊಂಡಾದರೂ ಗುದ್ದಲಿ ಹಿಡಿದು ಬರುತ್ತಿದ್ದ. ಆ ದಂಡ ರದ್ದಾಯಿತೆಂದು ಸಾರಿದವನು ಈ ಬೆಲ್ಕಾಸೆಮನೇ. ಮಾಡಿದ್ದುಣ್ಣೋ ಮಹರಾಯ.

ಅವನ ಹೆಂಡತಿ ವರ್ದಿಯಾ ಅತ್ತೆಯ ಮೈ ತೊಳೆದು ಬಟ್ಟೆ ಸುತ್ತಿ ಹೊರಗೆ ಬಂದಳು.

"ಒಂದ್ಸಲ ಹೋಗಿ ಕರೀಬಾರ್ದಾ?"

"ಬ್ಯಾಡ. ಕಾಯಿದ ಕರದ್ರೆ ಅದು ಹುಕುಮು ಆಗ್ತದೆ. ಅವ್ವನ ಮಣ್ಣಿಗೆ ಜನ ಹೆದರ್ಕೊಂಡು ಬರೋದು ಬ್ಯಾಡ."

"ಮತ್ತೆ ಒಬ್ರೇ ಹೊರ್ತೀರಾ?"

ಬೆಲ್ಕಾಸೆಮ್ ನಿಲುವಂಗಿ ಬಿಚ್ಚಿಟ್ಟು ಗುದ್ದಲಿ ಹಿಡಿದು ಒಬ್ಬನೇ ಸ್ಮಶಾನಕ್ಕೆ ಹೋದ. ಊರಿಗೆಲ್ಲ ಸೂಲಗಿತ್ತಿಯಾಗಿದ್ದ ತಾಯಿ ತನ್ನಿಂದಾಗಿ ಅನಾಥ ಹೆಣದ ಹಾಗೆ ಹೋಗಬೇಕಲ್ಲ ಎಂದು ಹಲುಬುತ್ತಲೇ ಗುದ್ದಲಿ ಬೀಸಿದ. ಕಲ್ಲು ನೆಲ, ಮೊಣಕಾಲುದ್ದವೂ ಇಳಿಯಲಿಲ್ಲ.

"ಗುಂಡಿ ತೋಡ್ತಿದ್ದೀಯೋ, ಬೆಳ್ಳುಳ್ಳಿ ನೆಡ್ತಿದ್ದೀಯೋ? ಸರಿ ಆ ಕಡೆ!"

ಬೆಲ್ಕಾಸೆಮ್ ತಿರುಗಿದ. ಮಾತಾಡಿದವನು ಲೂನಿಸಜ್ಜ, ಹಿಂದೆ ಕೂಟದ ಯಜಮಾನನಾಗಿದ್ದವನು. ಅಜ್ಜನ ಬೆನ್ನಿಗೆ ಊರಿಗೆ ಊರೇ ಇತ್ತು. ಮೊನ್ನೆ ತಾನೇ ಇವನನ್ನು ಕಂಡು ಉಗಿದಿದ್ದ ಕಮ್ಮಾರ ಎಲ್ಲರಿಗಿಂತ ಮೊದಲು ಗುಂಡಿಗಿಳಿದ.

"ಅಜ್ಜ, ಈಗ ದಂಡ ಇಲ್ವಲ್ಲ..."

"ನೀನೇ ತೆಗ್ಸಿದ್ಯಲ್ಲಪ್ಪ, ಪುಣ್ಯಾತ್ಮ. ಈ ಪೈಕಿ ಅರ್ಧ ಜನ ನಿಮ್ಮವ್ವನ ಕೈಯಾಗೆ ಹುಟ್ದೋರು. ಸುಮ್ನೆ ನಿಂತ್ಕೋ, ಮಗನಾದೋನು ಇವತ್ತು ಗುದ್ದಲಿ ಮುಟ್ಟಬಾರದು."

ಅವರೇ ತೋಡಿದರು, ಅವರೇ ತಸಾದಿತಳನ್ನು ಹೊತ್ತು ತಂದರು, ಪ್ರಾರ್ಥನೆ ಮಾಡಿ ಮಣ್ಣೆಳೆದರು. ಒಬ್ಬೊಬ್ಬರ ಕಾಲಿಗೂ ಬೀಳೋಣ ಅನ್ನಿಸಿತು ಬೆಲ್ಕಾಸೆಮನಿಗೆ.

ಎಲ್ಲ ಮುಗಿದರೂ ಜನ ಚದುರಲಿಲ್ಲ. ಲೂನಿಸಜ್ಜ ಗಂಟಲು ಸರಿಮಾಡಿಕೊಂಡ.

"ಊರ ಬುಗ್ಗೇಲಿ ಹೂಳು ತುಂಬೈತೆ. ಯಾರ್‍ಯಾರು ಯಾವತ್ತು ಬರ್ತೀರಿ?"

ಬೆಲ್ಕಾಸೆಮನಿಗೆ ಆಗ ಹೊಳೆಯಿತು. ಕೂಟದ ಜಗಲಿಯ ಮೇಲೆ ಸೇರಬಾರದೆಂದ ಸರ್ಕಾರ ಮಣ್ಣಿಗೆ ಸೇರಬಾರದೆನ್ನಲಾರದು. ಕೂಟ ಸತ್ತೇ ಇರಲಿಲ್ಲ. ಇಂಥದ್ದನ್ನು ಕಂಡರೆ ಠಾಣೆಗೆ ತಿಳಿಸುವುದೇ ಅವನ ಕೆಲಸ.

"ನಾನ್ ಮನೇಗ್ ಹೋಗ್ತೀನಿ ಅಜ್ಜ. ನನ್ ಕಿವಿಗೆ ಬೀಳೋದು ಬ್ಯಾಡ" ಎಂದು ಹೊರಟ.

"ಎಲ್ಲಿಗೋ?" ಅಜ್ಜ ಗದರಿದ. "ಮಂಗಳವಾರ ನಿಂದು. ಬರ್ಲಿಲ್ಲಾಂದ್ರೆ ದಂಡ."

ತಾಯಿಯನ್ನು ಮಣ್ಣಿಗಿಳಿಸುವಾಗಲೂ ಬಿಗಿಹಿಡಿದಿದ್ದ ಅಳು ಅವನಿಗೆ ಆಗ ಬಂತು.

"ಬರ್ತೀನಜ್ಜ" ಎಂದ. "ಎಲ್ಲಾರ್ಗಿಂತ ಮುಂಚೆ ಬರ್ತೀನಿ."