ಹುಳಿಯಾಗದ ಪುಂಡಿ

ಜಯಾ ಎಲೆಯೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ಆಮೇಲೆ ಮುಖ ಕಿವಿಚಿ ಉಗುಳಿದಳು.

"ಥೂ! ಇವತ್ತೂ ಹುಳಿ ಬಂದಿಲ್ಲ ನೋಡ್ರಿ. ಬರೇ ಕಹಿ."

ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಆ ಹಳೆಯ ಕಟ್ಟಡದ ತಾರಸಿಯ ಮೇಲೆ ಅವಳ ಗಂಡ ಗಂಗಾಧರ ಒದ್ದೆ ಬೆಡ್‌ಶೀಟುಗಳನ್ನು ಹಗ್ಗಕ್ಕೆ ಹರವುತ್ತಿದ್ದ. ಬ್ಯಾಂಕಿನ ಕೆಲಸದ ಮೇಲೆ ಬೆಂಗಳೂರಿನಿಂದ ನೈರೋಬಿಗೆ ಬಂದವನು, ಹುಟ್ಟೂರು ಮದ್ದೂರು. ಪುಂಡಿಸೊಪ್ಪನ್ನು ಅವನು ಮೊದಲು ನೋಡಿದ್ದೇ ರಾಯಚೂರಿನ ಮಾವನ ಮನೆಯಲ್ಲಿ, ಮದುವೆಯಾದ ಮೇಲೆ.

"ಬೇರೆ ಗಿಡಗಳೆಲ್ಲ ಹುಳಿ ಇದಾವಲ್ಲ. ಇದೊಂದನ್ನ ಬಿಟ್ಟಾಕೇ," ಎಂದ.

"ಹಂಗ ಬಿಡಾಕ ಬರ್ತದೇನ್ರಿ? ಸಾಯೋ ಗಿಡ ಉಳಿಸೀನಿ. ನಿಮ್ಮ ಕಡೆಯವ್ರಿಗೇನು ಗೊತ್ತು, ಸೊಪ್ಪಂದ್ರ ಬಸ್ಸಾರು, ಬಸ್ಸಾರಂದ್ರ ಸೊಪ್ಪು!"

ಗಂಗಾಧರ ಬೆಡ್‌ಶೀಟಿನ ಹಿಂದೆ ನಗು ಮುಚ್ಚಿಕೊಂಡ. ಈ ಜಗಳದಲ್ಲಿ ಅವನು ಯಾವತ್ತೂ ಗೆದ್ದವನಲ್ಲ.

ಬೆಂಗಳೂರಿನಲ್ಲಿ ಜಯಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಇಲ್ಲಿ ಗಂಡನ ಬೆನ್ನಿಗೆ ಬಂದವಳಿಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಬಂದ ಹೊಸದರಲ್ಲಿ ಕಿಟಕಿಯಲ್ಲಿ ನಿಂತು ಮಟಾಟು ಎಂಬ ಬಾಡಿಗೆ ವ್ಯಾನುಗಳ ಮೈಮೇಲಿನ ಚಿತ್ರ ನೋಡುತ್ತಾ ಹೊತ್ತು ಕಳೆದಳು. ಮಾತಿಗೆ ಮೊದಲೇ ಕಣ್ಣೀರು ಬರುತ್ತಿತ್ತು. ಆಮೇಲೆ ಅವಳ ತಂಗಿ ಜೋಳದ ಹಿಟ್ಟಿನ ಚೀಲದೊಳಗೆ ಪುಂಡಿ ಬೀಜ ಅಡಗಿಸಿ ಕಳಿಸಿದಳು. ಜಯಾ ಅವನ್ನು ಪೇಂಟಿನ ಖಾಲಿ ಡಬ್ಬಗಳಲ್ಲಿ ಬಿತ್ತಿದಳು. ಮೊಳಕೆ ಬಂದ ದಿನ ಇಡೀ ಕಟ್ಟಡಕ್ಕೆ ಕೇಸರಿಬಾತು ಹಂಚಿದಳು. ಅಲ್ಲಿಂದ ಮುಂದೆ ಅವಳು ಮತ್ತೆ ಟೀಚರ್ ಆದಳು, ವಿದ್ಯಾರ್ಥಿಗಳು ಮಾತ್ರ ಡಬ್ಬದಲ್ಲಿದ್ದರು.

ಕಟ್ಟಡದ ಒಡತಿ ಹೆಲನ್ ಕೆಳಗಿನ ಮನೆಯಲ್ಲೇ ಇದ್ದಳು. ದೊಡ್ಡ ಮೈ, ದೊಡ್ಡ ದನಿ, ಭಾನುವಾರ ತಪ್ಪದ ಚರ್ಚು. ಇಲ್ಲಿ ಹಿರಿಯ ಹೆಂಗಸರನ್ನು ತಾಯಿ ಎನ್ನುವ ಅರ್ಥದಲ್ಲಿ 'ಮಾಮಾ' ಎನ್ನುತ್ತಾರೆ. ತಾರಸಿಯ ಬೀಗದ ಕೈ ಕೊಡುವಾಗ ಮಾಮಾ ಹೆಲನ್ ಒಂದೇ ಷರತ್ತು ಹಾಕಿದ್ದಳು. "ಗಿಡ ಬೆಳೆಸು, ಬೇಡ ಎನ್ನುವುದಿಲ್ಲ. ಯಾರಿಂದಾದರೂ ಒಂದು ದೂರು ಬಂದರೆ ಎಲ್ಲ ಡಬ್ಬವೂ ಅದೇ ದಿನ ಕೆಳಗಿಳಿಯಬೇಕು." ಆಡಿದರೆ ಆಡಿದಂತೆ ಮಾಡುವ ಹೆಂಗಸು. ಮೂರನೇ ಮಹಡಿಯಲ್ಲಿದ್ದ ಬಾಡಿಗೆದಾರನೊಬ್ಬ ಬಾಲ್ಕನಿಯಲ್ಲಿ ಬಂಗಿಸೊಪ್ಪು ಸೇದಿದನೆಂದು ಅವನ ಸೋಫಾವನ್ನು ತಾನೇ ರಸ್ತೆಗೆ ತಳ್ಳಿದ್ದಳಂತೆ.

ಹೀಗಿರುವಾಗ ತೋಟಕ್ಕೆ ರೋಗ ಬಂತು. ಎಲೆಗಳ ಅಡಿಯಲ್ಲಿ ಬಿಳಿನೊಣ, ಕುಡಿಯಲ್ಲಿ ಹೇನು, ಮೇಲೆ ಬೂದಿ ಚೆಲ್ಲಿದಂಥ ಕಲೆ. ಅಂಗಡಿಯ ವಿಷ ತಂದು ಹೊಡೆಯಲು ಜಯಾಗೆ ಮನಸ್ಸಾಗಲಿಲ್ಲ, ತಿನ್ನುವ ಸೊಪ್ಪಲ್ಲವೇ? ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಅರೆದು ನೀರಿಗೆ ಹಾಕಿ ನೆನೆಸಿದಳು. ಹುಳಿ ಬಂದ ಮಜ್ಜಿಗೆಗೆ ಇಂಗು ಕದಡಿದಳು. ಇಲ್ಲಿ ಬೇವಿಗೆ ಮ್ವಾರೊಬೈನಿ ಎನ್ನುತ್ತಾರೆಂದು ತಿಳಿದುಕೊಂಡು ಸಂತೆಯಿಂದ ಕಟ್ಟುಗಟ್ಟಲೆ ತಂದು ಕುದಿಸಿದಳು. ಒಂದು ದಿನ ಖಾರ, ಒಂದು ದಿನ ಹುಳಿ, ಒಂದು ದಿನ ಕಹಿ. "ಇದೇನೇ, ಗಿಡಕ್ಕೆ ಹೊಡೀತಿದೀಯೋ ಒಗ್ಗರಣೆ ಹಾಕ್ತಿದೀಯೋ?" ಎಂದು ಗಂಗಾಧರ ಮೂಗು ಮುಚ್ಚಿಕೊಂಡು ಓಡಾಡಿದ. ಹುಳಗಳು ಮಾತ್ರ ತಮಾಷೆ ಎಂದುಕೊಳ್ಳಲಿಲ್ಲ, ಊರು ಬಿಟ್ಟವು.

ಎಲ್ಲಕ್ಕಿಂತ ಹೆಚ್ಚು ನರಳಿದ್ದು ಮೂಲೆಯ ಡಬ್ಬದ ಗಿಡ. ಬೀಜ ಹಾಕಿದ ನೆನಪಿಲ್ಲದ ಕಡೆ ತಡವಾಗಿ ಹುಟ್ಟಿದ ಕೂಸು. ಅದೇ ಬೆರಳು ಬೆರಳಾದ ಎಲೆ, ಅದೇ ಗರಗಸದಂಥ ಅಂಚು, ಕಾಂಡ ಮಾತ್ರ ಕೆಂಪಾಗಲಿಲ್ಲ. ನೈರೋಬಿಯ ಥಂಡಿಗೆ ಹೀಗಾಗಿದೆ ಎಂದು ಜಯಾ ತೀರ್ಮಾನಿಸಿದಳು. ಈ ಊರಲ್ಲಿ ಮೊಸರು ಹೆಪ್ಪಾಗದಿದ್ದರೂ, ಇಡ್ಲಿ ಹಿಟ್ಟು ಉಬ್ಬದಿದ್ದರೂ ಅವಳು ಥಂಡಿಯನ್ನೇ ಬೈಯುವುದು. ಆ ಗಿಡಕ್ಕೆ ಎರಡು ಪಾಲು ಮಜ್ಜಿಗೆ ಕೊಟ್ಟಳು. ದೃಷ್ಟಿಯಾಗಬಾರದೆಂದು ಬುಡಕ್ಕೆ ಕಪ್ಪು ದಾರ ಕಟ್ಟಿ, ಲಿಂಬೆಹಣ್ಣು ಮೆಣಸಿನಕಾಯಿ ತೂಗುಹಾಕಿದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಸುತ್ತು ಬಂದು ನೀರುಣಿಸಿ, "ಬೆಳಿಯವ್ವಾ, ಬೆಳಿ ನನ್ನವ್ವಾ" ಎಂದು ಮಾತಾಡಿಸಿದಳು. ಗಿಡ ಚಿಗುರಿತು. ಚಿಗುರಿದ್ದೇನು, ಎಲ್ಲವನ್ನೂ ಮೀರಿಸಿ ಗಂಗಾಧರನ ಎದೆಯೆತ್ತರ ಬೆಳೆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇದು ನಿಜಕ್ಕೂ ಚೆಂದವಾಗಿಯೇ ಇತ್ತು. ಇಂಗು ಬೆಳ್ಳುಳ್ಳಿಯ ಘಾಟಿನಲ್ಲಿ ಅದರ ಸ್ವಂತ ವಾಸನೆ ಏನೆಂದು ಯಾರಿಗೂ ತಿಳಿಯಲಿಲ್ಲ.

ಕೆಳಗೆ ಮಾಮಾ ಹೆಲನ್‌ಳ ಸುಕುಮಾ ಸೊಪ್ಪಿನ ಮಡಿಗೂ ಹೇನು ಹತ್ತಿತ್ತು. ಜಯಾ ಒಂದು ಬಾಟಲಿ ಕಷಾಯ ಕೊಟ್ಟಳು. ಸೊಪ್ಪು ಉಳಿಯಿತು. ಸಂತೋಷ ತಡೆಯಲಾರದೆ ಮಾಮಾ ಹೆಲನ್ ಜಯಾಳನ್ನು ಅಪ್ಪಿಕೊಂಡು ನೆಲದಿಂದ ಎತ್ತಿಯೇ ಬಿಟ್ಟಳು. "ಈ ಭಾನುವಾರ ಚರ್ಚು ಮುಗಿಸಿ ನಮ್ಮ ಮಹಿಳಾ ಮಂಡಳಿಯವರನ್ನೆಲ್ಲ ಕರೆತರುತ್ತೇನೆ. ನಿನ್ನ ತೋಟ ತೋರಿಸಬೇಕು, ಔಷಧಿ ಮಾಡುವುದನ್ನು ಹೇಳಿಕೊಡಬೇಕು." ಜಯಾಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟು ಕಾಲವಾಗಿತ್ತು, ಅವಳೆದುರು ಒಂದು ತರಗತಿ ಕೂತು!

ಆ ಭಾನುವಾರವೇ ಇವತ್ತು. ಅಡುಗೆಮನೆಯಲ್ಲಿ ಪುಂಡಿಪಲ್ಯ ಆಗಲೇ ಬೆಂದು ಘಮಘಮಿಸುತ್ತಿತ್ತು. ಹೆಂಗಸರು ಬರುವ ಹೊತ್ತಾಗುತ್ತಿದ್ದಂತೆ ಮಗಳು ನಿಹಾರಿಕಾ ಫೋನು ನೋಡುತ್ತಾ ಮೇಲೆ ಬಂದಳು. ಹೋಮ್‌ವರ್ಕು, ಗೆಳತಿಯರು ಎಂದು ತಾರಸಿಗೆ ಕಾಲಿಡದೆ ಬಹಳ ದಿನವಾಗಿತ್ತು. ತಲೆಯೆತ್ತಿದವಳು ಹಾಗೇ ನಿಂತಳು.

"ಅಮ್ಮಾ. ದಟ್ಸ್ ನಾಟ್ ಪುಂಡಿ."

"ಮತ್ತೇನು, ನುಗ್ಗೀಸೊಪ್ಪೇನು?"

"ಇಟ್ಸ್ ಬಂಗಿ! ಸ್ಕೂಲಲ್ಲಿ ಪೋಸ್ಟರ್ ಹಾಕಿದಾರೆ. ಎಗ್ಸ್ಯಾಕ್ಟ್ಲೀ ದಿಸ್!"

ಜಯಾ ನಕ್ಕಳು. ಮಗಳು ನಗಲಿಲ್ಲ. ಗಂಗಾಧರನ ಕೈಯಿಂದ ಬಟ್ಟೆ ಸಿಕ್ಕಿಸುವ ಕ್ಲಿಪ್ಪು ಬಿತ್ತು. ಪಕ್ಕದ ಮನೆಯ ತ್ರಿವಿಕ್ರಮ ರಾಯರನ್ನು ಓಡಿಹೋಗಿ ಕರೆತಂದ. ಮೈಸೂರಿನ ಕಡೆಯ ಅವರು ಈ ಊರಿನಲ್ಲೇ ಡಾಕ್ಟರಾಗಿದ್ದು ನಿವೃತ್ತರಾದವರು. ರಾಯರು ಕನ್ನಡಕ ಏರಿಸಿ ಎಲೆ ಮೂಸಿದರು. ಕಾಂಡ ಮೂಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲಾರಂಭಿಸಿದರು.

"ಸಾಕ್ಷಾತ್ ಭಂಗಿ ಕಣಮ್ಮ! ಎಷ್ಟು ಪುಷ್ಟಿಯಾಗಿದೆ ನೋಡು. ನನ್ನ ಪಂಜರದ ಕಸ ನೀನೇ ತಾನೆ ಗೊಬ್ಬರಕ್ಕೆ ಅಂತ ತಗೊಂಡು ಹೋಗಿದ್ದು? ನನ್ನ ಲವ್‌ಬರ್ಡ್ಸ್‌ಗೆ ಹಾಕೋ ಫಾರಿನ್ ಕಾಳಿನ ಮಿಕ್ಸ್‌ನಲ್ಲಿ ಇದರ ಬೀಜಾನೂ ಇರುತ್ತೆ. ಹಕ್ಕಿ ಚೆಲ್ಲಿದೆ, ನೀನು ಸಾಕಿದೀಯ."

"ನಗಬ್ಯಾಡ್ರಿ ಕಾಕಾ! ಬಸಿರಿ ಮಗಳ ಹಂಗ ಆರೈಕಿ ಮಾಡೀನಿ ಇದಕ್ಕ," ಎಂದಳು ಜಯಾ.

"ಆರೈಕೆ ಆಮೇಲೆ. ಮೊದಲು ಕಿತ್ತಾಕು!" ಎಂದ ಗಂಗಾಧರ. "ಪೊಲೀಸು, ಬ್ಯಾಂಕು, ಕೆಲಸ... ಅಯ್ಯೋ ದೇವರೇ!"

ಜಯಾ ಬುಡಕ್ಕೆ ಕೈಹಾಕಿದಳು. ಬೆರಳಿಗೆ ಕಪ್ಪು ದಾರ ಸಿಕ್ಕಿತು. ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹಾಡು ಕೇಳಿಸಿತು, ಚರ್ಚಿನಲ್ಲಿ ಶುರುವಾದದ್ದು ಇನ್ನೂ ಮುಗಿದಿರಲಿಲ್ಲ. ಗಂಗಾಧರ ಹಗ್ಗದ ಮೇಲಿನ ಬೆಡ್‌ಶೀಟು ಎಳೆದು ಗಿಡದ ಮೇಲೆ ಹೊದಿಸಿದ. ಸಾಲದೆಂದು ತಾನೇ ಅದರ ಮುಂದೆ ಕೈಕಟ್ಟಿ ನಿಂತ.

ಹೂವಿನ ಬಟ್ಟೆಯ, ದೊಡ್ಡ ಟೋಪಿಯ ಹೆಂಗಸರು ತಾರಸಿ ತುಂಬಿದರು. "ಕರಿಬು, ಕರಿಬು," ಎಂದು ಜಯಾ ಎಲ್ಲರನ್ನೂ ಬರಮಾಡಿಕೊಂಡಳು. ದನಿ ನಡುಗುತ್ತಿತ್ತು. ಆದರೆ ಬೆಳ್ಳುಳ್ಳಿ ಅರೆಯುವುದನ್ನು ತೋರಿಸತೊಡಗಿದಂತೆ ದನಿಗೆ ಹಳೆಯ ಟೀಚರಮ್ಮನ ಠೀವಿ ಬಂತು. ಹುಳ ಎಲೆಯ ಅಡಿಯಲ್ಲೇ ಯಾಕೆ ಕೂರುತ್ತದೆ, ಮಜ್ಜಿಗೆಯ ಹುಳಿಗೆ ಬೂದಿರೋಗ ಯಾಕೆ ಹೆದರುತ್ತದೆ ಎಂದು ವಿವರಿಸಿದಳು. ಹೆಂಗಸರು ಪ್ರಶ್ನೆ ಕೇಳಿದರು, ಬಾಟಲಿ ಮೂಸಿ ಸೀನಿದರು, ಒಬ್ಬರನ್ನೊಬ್ಬರು ತಟ್ಟಿಕೊಂಡು ನಕ್ಕರು. ಜಯಾ ಒಂದು ಗಳಿಗೆ ಬೆಡ್‌ಶೀಟನ್ನು ಮರೆತೇಬಿಟ್ಟಳು.

ಮಾಮಾ ಹೆಲನ್ ಮರೆತಿರಲಿಲ್ಲ. "ನಿನ್ನ ದೊಡ್ಡ ಗಿಡ ಎಲ್ಲಿ? ಕೆಳಗಿನಿಂದ ಕಾಣುತ್ತಿತ್ತಲ್ಲ, ಅದನ್ನು ತೋರಿಸು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಂಗಾಧರ ತಟಕ್ಕನೆ ಬೆಡ್‌ಶೀಟಿಗೆ ಒರಗಿದ. ಮಾಮಾ ಹೆಲನ್ ಅವನನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದಳು. ಬಟ್ಟೆ ಎತ್ತಿದಳು.

ಮುಂದಿನ ಸಾಲಿನ ಹೆಂಗಸರು ತಲೆಬಾಗಿಸಿ ಒಂದು ಹೆಜ್ಜೆ ಹಿಂದೆ ಸರಿದರು.

"ಹೆದರಬೇಡ," ಎಂದಳು ಮಾಮಾ ಹೆಲನ್, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. "ನಾನು ಮೊದಲೇ ನೋಡಿದ್ದೇನೆ. ಕೆಂಡದಂಥ ಕೋಪ ಬಂದಿತ್ತು, ಡಬ್ಬಗಳನ್ನೆಲ್ಲ ಎಸೆಯುವುದಕ್ಕೇ ಬಂದಿದ್ದೆ. ಆವಾಗ ನೀನು ಒದ್ದೆ ಕೂದಲಲ್ಲಿ ಬಂದು, ಸುತ್ತು ಹಾಕಿ, ನೀರು ಕೊಟ್ಟು, ಪ್ರಾರ್ಥನೆ ಮಾಡಿದೆ. ದಾರ ಕಟ್ಟಿದ್ದೀಯ, ಹಣ್ಣು ಕಟ್ಟಿದ್ದೀಯ. ಇದು ನಿಮ್ಮ ದೇವರ ಗಿಡ ಎಂದು ಗೊತ್ತಾಯಿತು. ಇನ್ನೊಬ್ಬರ ದೇವರ ಮೇಲೆ ನಾನು ಕೈಹಾಕುವವಳಲ್ಲ. ಇವರಿಗೂ ಹೇಳಿದ್ದೇನೆ, ಮುಟ್ಟಬೇಡಿ ಎಂದು."

ಗಂಗಾಧರನಿಗೆ ಹೋದ ಜೀವ ಬಂದಂತಾಯಿತು. "ಹೌದು ಅನ್ನೇ," ಎಂದು ಹಲ್ಲು ಬಿಗಿದು ಪಿಸುಗುಟ್ಟಿದ. "ದೇವರ ಗಿಡ ಅಂದ್ಬಿಡು, ಬಚಾವ್!"

"ಶಿವನಿಗೆ ಪ್ರೀತಿಯಾದದ್ದೇ ತಾನೆ," ಎಂದರು ತ್ರಿವಿಕ್ರಮ ರಾಯರು ಆಕಾಶ ನೋಡುತ್ತಾ. "ಪೂರ್ತಿ ಸುಳ್ಳೇನಲ್ಲ."

ಒಂದು ಮಾತು ಸಾಕಿತ್ತು. ತೋಟ ಉಳಿಯುತ್ತಿತ್ತು, ಗಿಡವೂ ಉಳಿಯುತ್ತಿತ್ತು. ನಿಜ ಹೇಳಿದರೆ ಎಲ್ಲ ಡಬ್ಬಗಳೂ ಕೆಳಗೆ, ಮತ್ತೆ ಅದೇ ಕಿಟಕಿ, ಅವೇ ಮಟಾಟುಗಳು. ಜಯಾ ಮಾಮಾ ಹೆಲನ್‌ಳ ಮುಖ ನೋಡಿದಳು. ಜಯಾಳ ದೇವರೆಂದು ಭಾವಿಸಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಮುಖ. ಅದರೆದುರು ಸುಳ್ಳು ನಾಲಿಗೆಗೆ ಬರಲಿಲ್ಲ.

"ಇಲ್ಲ ಮಾಮಾ. ಇದು ದೇವರ ಗಿಡ ಅಲ್ಲ. ನಮ್ಮ ಊರಿನ ಸೊಪ್ಪು ಅಂದುಕೊಂಡಿದ್ದೆ. ಕಾಯಿಲೆ ಬಿದ್ದಿತ್ತು, ಪಾಪ ಅಂತ ಉಳಿಸಿದೆ. ಏನು ಅಂತ ಇವತ್ತೇ ಗೊತ್ತಾಯಿತು." ಅವಳ ಇಂಗ್ಲಿಷ್ ಅಲ್ಲಿಗೆ ಸೋತಿತು, ಮುಂದಿನದು ಕನ್ನಡದಲ್ಲೇ ಬಂತು. "ಪ್ರಾರ್ಥನಾನೂ ಅಲ್ರಿ ಅದು. ಬೆಳಿಯವ್ವಾ ಅಂತಿದ್ದೆ, ಅಷ್ಟ."

ನಿಹಾರಿಕಾ ಅದನ್ನು ಸ್ವಾಹಿಲಿಗೆ ತಿರುಗಿಸಿ ಹೇಳಿದಳು. ಜಯಾ ಯಾರ ಮುಖವನ್ನೂ ನೋಡದೆ ಕೂತು ದಾರ ಬಿಚ್ಚಿದಳು. ಎರಡೂ ಕೈಯಿಂದ ಬುಡ ಹಿಡಿದು ಎಳೆದಳು. ಗಿಡ ಸುಲಭಕ್ಕೆ ಬರಲಿಲ್ಲ, ಅಷ್ಟು ಚೆನ್ನಾಗಿ ಬೇರು ಬಿಟ್ಟಿತ್ತು. ಬಂದಾಗ ಡಬ್ಬದ ಮಣ್ಣೆಲ್ಲ ಅವಳ ಮಡಿಲಿಗೆ ಬಿತ್ತು.

"ತಾರಸಿಯ ನಿಯಮ ನೆನಪಿದೆಯಾ?" ಎಂದಳು ಮಾಮಾ ಹೆಲನ್.

"ಇದೆ ಮಾಮಾ. ದೂರು ಬಂದರೆ ಎಲ್ಲ ಡಬ್ಬವೂ ಇಳಿಯಬೇಕು."

ಮಾಮಾ ಹೆಲನ್ ಸೊಂಟದ ಮೇಲೆ ಕೈಯಿಟ್ಟು ತನ್ನ ಮಂಡಳಿಯ ಕಡೆ ತಿರುಗಿದಳು. "ಯಾರದಾದರೂ ದೂರಿದೆಯೇ?"

ಟೋಪಿಗಳು ಒಂದನ್ನೊಂದು ನೋಡಿಕೊಂಡವು. ಹಿಂದಿನಿಂದ ಒಬ್ಬ ಮುದುಕಿ ಕೈಯೆತ್ತಿದಳು. ಗಂಗಾಧರ ಕಣ್ಣು ಮುಚ್ಚಿಕೊಂಡ.

"ಮೆಟ್ಟಿಲು ಹತ್ತುವಾಗ ಅಡುಗೆ ವಾಸನೆ ಬರುತ್ತಿತ್ತು," ಎಂದಳು ಮುದುಕಿ. "ಇನ್ನೂ ಬಡಿಸಿಲ್ಲ. ಅದೇ ನನ್ನ ದೂರು."

ಮೊದಲು ನಕ್ಕವಳು ಮಾಮಾ ಹೆಲನ್. ಆ ನಗೆಗೆ ರಾಯರ ಲವ್‌ಬರ್ಡುಗಳು ಪಂಜರದಲ್ಲಿ ಚಿಲಿಪಿಲಿಗುಟ್ಟಿದವು. ಜಯಾಳೂ ನಕ್ಕಳು, ನಗುತ್ತಲೇ ಅತ್ತಳು, ಮಣ್ಣುಗೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಕೆಸರು ಮಾಡಿಕೊಂಡಳು. ಗಿಡವನ್ನು ಮಾಮಾ ಹೆಲನ್ ತಾನೇ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಮಣ್ಣೆಳೆದಳು. ಕೆಳಗಿನ ಮನೆಯಿಂದ ಬಿಸಿ ಉಗಾಲಿ ಬಂತು, ಮೇಲಿನ ಮನೆಯಿಂದ ಪುಂಡಿಪಲ್ಯ. ಮೆಕ್ಕೆಜೋಳದ ಆ ಮುದ್ದೆಗೆ ಹುಳಿಪಲ್ಯ ನಂಜಿಕೊಂಡ ಹೆಂಗಸರು ನಾಲಿಗೆ ಚಪ್ಪರಿಸಿ ಮತ್ತೆ ಮತ್ತೆ ಕೇಳಿದರು.

"ಮುದ್ದೆ ಜೊತೆ ಪರವಾಗಿಲ್ಲ ಕಣೇ ಇದು," ಎಂದ ಗಂಗಾಧರ, ಎರಡನೇ ಸಲ ಬಡಿಸಿಕೊಳ್ಳುತ್ತಾ.

"ಇಷ್ಟು ವರ್ಷಕ್ಕ ಬಂತ್ರಿ ನಿಮಗ ಬುದ್ಧಿ!" ಎಂದಳು ಜಯಾ.

ಹೊರಡುವಾಗ ಮಾಮಾ ಹೆಲನ್ ಅವಳ ಮುಂದೆ ಕೈಚಾಚಿದಳು. "ಆ ದಾರ ಇಲ್ಲಿ ಕೊಡು." ಯಾಕೆಂದು ಜಯಾ ಕೇಳಲಿಲ್ಲ, ಕೊಟ್ಟಳು.

ಮರುದಿನ ಬೆಳಿಗ್ಗೆ ಜಯಾ ಖಾಲಿ ಡಬ್ಬಕ್ಕೆ ಹೊಸ ಮಣ್ಣು ತುಂಬಿ ಪುಂಡಿ ಬೀಜ ಊರುತ್ತಿದ್ದಳು. ಕೆಳಗೆ ಯಾರೋ ಮಾತಾಡುವುದು ಕೇಳಿ ಬಗ್ಗಿ ನೋಡಿದಳು. ಸುಕುಮಾ ಮಡಿಯ ಕೊನೆಯಲ್ಲಿ, ಎಲ್ಲಕ್ಕಿಂತ ಸೊರಗಿದ ಗಿಡದ ಬುಡದಲ್ಲಿ ಕಪ್ಪು ದಾರವಿತ್ತು. ಅದರ ಮುಂದೆ ಮಾಮಾ ಹೆಲನ್ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತಿದ್ದಳು. ಲೋಟದಿಂದ ಮಜ್ಜಿಗೆ ಚಿಮುಕಿಸುತ್ತಾ, ಸುತ್ತ ಯಾರೂ ಇಲ್ಲವೆಂದುಕೊಂಡು, ಅವಳು ಗಿಡಕ್ಕೆ ಹೇಳುತ್ತಿದ್ದಳು: "ಬೆಳಿಯವ್ವಾ. ಬೆಳಿಯವ್ವಾ."